ಇಲ್ಲೇ, ಐದು ನಿಮಿಷ

"ದೂರ ಏನಿಲ್ಲ, ಇಲ್ಲೇ ಐದು ನಿಮಿಷ" ಎಂದು ಯಾರಾದರೂ ದಾರಿ ಹೇಳಿದರೆ ನಾನು ಇನ್ನೊಂದು ಮಾತು ಕೇಳಿಯೇ ಕೇಳುತ್ತೇನೆ. "ನಡೆದುಕೊಂಡಾ, ಗಾಡಿಯಲ್ಲಾ?"

ಅವರು ಒಂದು ಗಳಿಗೆ ಸುಮ್ಮನಾಗುತ್ತಾರೆ. ಆ ದಾರಿಯಲ್ಲಿ ಅವರು ದಿನಾ ಓಡಾಡುತ್ತಾರೆ. ಆದರೆ ಒಂದು ದಿನವೂ ನಡೆದಿರುವುದಿಲ್ಲ. "ನಡೆದರೆ ಸ್ವಲ್ಪ ಜಾಸ್ತಿ ಆಗಬಹುದು" ಎನ್ನುತ್ತಾರೆ.

ಆ "ಸ್ವಲ್ಪ ಜಾಸ್ತಿ"ಯ ಬಗ್ಗೆ ಬರೆಯಬೇಕು ಎಂದು ಬಹಳ ದಿನದಿಂದ ಅನ್ನಿಸುತ್ತಿತ್ತು.

ಲೆಕ್ಕ ಸುಲಭ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಐದು ನಿಮಿಷಕ್ಕೆ ಎರಡೂವರೆ ಕಿಲೋಮೀಟರ್ ಮುಗಿಸುತ್ತದೆ. ಕಾಲು ಗಟ್ಟಿ ಇರುವವರು ಗಂಟೆಗೆ ಸುಮಾರು 5 ಕಿಲೋಮೀಟರ್ ನಡೆಯುತ್ತಾರೆ. ಅಂದರೆ ಅದೇ ದಾರಿ ಅರ್ಧ ಗಂಟೆ. ಹೋಗಿ ಬರಲು ಒಂದು ಗಂಟೆ. ಇದು ಕಾಗದದ ಮೇಲಿನ ಲೆಕ್ಕ. ರಸ್ತೆ ದಾಟಲು ಕಾಯುವುದು, ಸುತ್ತಿ ಬರುವುದು, ಕೈಚೀಲ ಬದಲಾಯಿಸುವುದು, ನೆರಳು ಸಿಕ್ಕ ಕಡೆ ನಿಲ್ಲುವುದು ಇದರಲ್ಲಿ ಸೇರಿಲ್ಲ.

ನಮ್ಮ ಮನೆಯಲ್ಲಿ ಆರು ವರ್ಷದಿಂದ ಕಾರಿಲ್ಲ. ಇದ್ದದ್ದನ್ನು ಮಾರಿದೆವು. ಆಗ ಹಣದ ತಾಪತ್ರಯ ಇತ್ತು. ಆಮೇಲೆ ಕೈ ಸ್ವಲ್ಪ ಸರಾಗವಾದರೂ ಮತ್ತೆ ಕೊಳ್ಳಲು ನಾನೂ ನಮ್ಮವರೂ ಮನಸ್ಸು ಮಾಡಲಿಲ್ಲ. ನಡೆಯುವುದು ನನಗೆ ಇಷ್ಟ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ಬರೆಯುವುದರಲ್ಲಿ ಕಷ್ಟಗಳೇ ಜಾಸ್ತಿ ಇವೆ, ಓದಿದವರು ಪಾಪ ಅಂದುಕೊಳ್ಳಬಾರದು. ಕಷ್ಟ ಕೊಡುವುದು ನಡಿಗೆಯಲ್ಲ. ನಡೆಯುವ ದಾರಿ ಅಲ್ಲಲ್ಲಿ ತುಂಡಾಗಿರುವುದು, ಆ ತುಂಡುಗಳನ್ನು ನಾವೇ ದಿನಾ ಜೋಡಿಸಿಕೊಂಡು ಹೋಗಬೇಕಾಗಿರುವುದು, ಅದು ಕಷ್ಟ.

ಕನ್ನಡದಲ್ಲಿ ದೂರ ಹೇಳುವ ಹಳೆಯ ಮಾತುಗಳನ್ನು ನೆನಪಿಸಿಕೊಳ್ಳಿ. ನಾಲ್ಕು ಹೆಜ್ಜೆ. ಎರಡು ಮಾರು. ಕೂಗಳತೆ. ಹೆಜ್ಜೆಗೆ ಕಾಲು, ಮಾರಿಗೆ ಚಾಚಿದ ಎರಡು ತೋಳು, ಕೂಗಳತೆಗೆ ಗಂಟಲು. ಎಲ್ಲವೂ ಮೈಯಿಂದ ಅಳೆದದ್ದು. ಈಗ ನಾವು ದೂರವನ್ನು ನಿಮಿಷದಲ್ಲಿ ಹೇಳುತ್ತೇವೆ, ಆ ನಿಮಿಷ ಗಾಡಿಯದ್ದು. ಗಾಡಿಯಿಲ್ಲದವರು ಆ ಅಳತೆಯಿಂದ ಹೊರಗೆ ಉಳಿದರು ಎಂಬುದು ಯಾರ ಗಮನಕ್ಕೂ ಬರಲಿಲ್ಲ.

ಮೊದಲು ಫುಟ್‌ಪಾತಿನ ವಿಷಯ.

ಕಾರಿನಲ್ಲಿ ಕೂತು ನೋಡಿದರೆ ರಸ್ತೆಯ ಪಕ್ಕ ಫುಟ್‌ಪಾತ್ ಇದ್ದೇ ಇದೆ. ನಡೆದು ನೋಡಿದರೆ ಗೊತ್ತಾಗುತ್ತದೆ, ಅದು ಒಂದು ದಾರಿಯಲ್ಲ, ಮೂವತ್ತು ನಲವತ್ತು ತುಂಡು. ಪ್ರತಿ ಗೇಟಿನ ಮುಂದೆ ಗಾಡಿ ಒಳಗೆ ಹೋಗಲೆಂದು ಅದನ್ನು ಇಳಿಜಾರು ಮಾಡಿರುತ್ತಾರೆ. ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ ಇಟ್ಟು ನಡೆಯಬೇಕು. ಹತ್ತು ಹೆಜ್ಜೆಗೆ ಅದು ಲೆಕ್ಕಕ್ಕಿಲ್ಲ. ಎರಡು ಕಿಲೋಮೀಟರಿಗೆ ಸೊಂಟ ಹೇಳುತ್ತದೆ. ಆಮೇಲೆ ಕಂಬ. ಆಮೇಲೆ ನಿಲ್ಲಿಸಿದ ಕಾರು. ಆಮೇಲೆ ಸಡಿಲವಾದ ಚಪ್ಪಡಿ. ಮಳೆಗಾಲದಲ್ಲಿ ಅದರ ಕೆಳಗೆ ನೀರು ಕೂತು ಕಾಯುತ್ತಿರುತ್ತದೆ. ಕಾಲಿಟ್ಟ ಕೂಡಲೇ ಮಂಡಿವರೆಗೆ ಚಿಮ್ಮುತ್ತದೆ. ಯಾವ ಚಪ್ಪಡಿ ಸಡಿಲ ಎಂಬುದು ನನಗೆ ಈಗ ಬಾಯಿಪಾಠ.

ಅಷ್ಟು ಹೊತ್ತಿಗೆ ಫುಟ್‌ಪಾತ್ ಮುಗಿದೇ ಹೋಗುತ್ತದೆ. ಮುಗಿಯುತ್ತದೆ ಎಂದು ಯಾರೂ ಹೇಳುವುದಿಲ್ಲ. ಗಾಡಿಗಳಿಗೆ ರಸ್ತೆ ಕಿರಿದಾಗುವ ಎಷ್ಟೋ ಮೊದಲೇ ಬೋರ್ಡ್ ಹಾಕಿರುತ್ತಾರೆ. ನಡೆಯುವವರಿಗೆ ಮಾತ್ರ ಕೊನೆಯ ಕಲ್ಲು ಬಂದಾಗಲೇ ಗೊತ್ತಾಗಬೇಕು. ಅಲ್ಲಿಂದ ರಸ್ತೆಗೆ ಇಳಿಯಬೇಕು, ಅದೂ ಬೆನ್ನ ಹಿಂದೆ ಗಾಡಿಗಳು ಬರುತ್ತಿರುವಾಗ. ಫುಟ್‌ಪಾತ್ ಇಲ್ಲದ ಕಡೆ ಎದುರಿನಿಂದ ಗಾಡಿ ಬರುವ ಬದಿಯಲ್ಲಿ ನಡೆಯಬೇಕು ಎಂದು ಹಲವು ದೇಶಗಳ ರಸ್ತೆ ನಿಯಮಗಳು ಹೇಳುತ್ತವೆ. ಬರುವುದು ಕಣ್ಣಿಗೆ ಕಾಣುತ್ತದೆ, ಪಕ್ಕಕ್ಕೆ ಸರಿಯಲು ಸಮಯ ಸಿಗುತ್ತದೆ. ಬಹಳ ಒಳ್ಳೆಯ ಮಾತು. ನಾನು ಅದನ್ನೇ ಪಾಲಿಸುತ್ತೇನೆ. ಆದರೆ ಆ ಬದಿಗೆ ಹೋಗಬೇಕಾದರೆ ರಸ್ತೆ ದಾಟಬೇಕು. ಹೋಗಬೇಕಾದ ಮನೆ ಈಚೆ ಬದಿಯಲ್ಲಿದ್ದರೆ ಮತ್ತೆ ದಾಟಬೇಕು.

ರಸ್ತೆ ದಾಟುವುದು. ನಡೆಯುವವರ ದಿನದ ನಿಜವಾದ ಪರೀಕ್ಷೆ ಇಲ್ಲೇ ಇರುವುದು.

ಕಳೆದ ವರ್ಷ ಅಮ್ಮ ನಮ್ಮ ಮನೆಗೆ ಬಂದರು. ಮಂಡಿ ನೋವಿಗೆ ವಾರಕ್ಕೆ ಎರಡು ಸಲ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು. ಆಸ್ಪತ್ರೆ ಒಂದು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ನಡೆದರೆ ಮಂಡಿಗೆ ಒಳ್ಳೆಯದು ಎಂದು ಡಾಕ್ಟರೇ ಹೇಳಿದ್ದರು. ಮೊದಲ ದಿನ ಇಬ್ಬರೂ ಹೊರಟೆವು. ದೊಡ್ಡ ರಸ್ತೆಯ ಸಿಗ್ನಲ್ಲಿನಲ್ಲಿ ಹಸಿರು ಮನುಷ್ಯನ ಚಿತ್ರ ಬಂದ ಕೂಡಲೇ ಹೆಜ್ಜೆ ಹಾಕಿದೆವು. ಅರ್ಧಕ್ಕಿಂತ ಸ್ವಲ್ಪ ಮುಂದೆ ಬಂದಿದ್ದೆವು. ಅಷ್ಟರಲ್ಲಿ ಕೆಂಪು ಬಂತು. ಎದುರಿಗೆ ನಿಂತಿದ್ದ ಗಾಡಿಗಳು ಒಟ್ಟಿಗೆ ಗುರುಗುಟ್ಟಿದವು. ಅಮ್ಮ ನನ್ನ ಮುಂಗೈಯನ್ನು ಹಿಡಿದ ಹಿಡಿತ ಈಗಲೂ ನೆನಪಿದೆ. ಓಡಲು ಅವರಿಗೆ ಆಗುವುದಿಲ್ಲ. ಹಿಂದಕ್ಕೆ ಹೋಗುವುದೂ ಅಷ್ಟೇ ದೂರ. ನಾನು ಒಂದು ಕೈ ಎತ್ತಿ ಗಾಡಿಗಳಿಗೆ ತೋರಿಸುತ್ತಾ, ಇನ್ನೊಂದು ಕೈಯಲ್ಲಿ ಅವರನ್ನು ಹಿಡಿದು, ಹೇಗೋ ಆಚೆ ಸೇರಿದೆ. ಆಚೆ ಬಂದ ಮೇಲೆ ಅಮ್ಮ ಹೇಳಿದರು, "ನಂದೇ ತಪ್ಪು ಕಣೆ, ಬೇಗ ನಡೆಯಬೇಕಿತ್ತು."

ಆ ಮಾತು ನನಗೆ ಬಹಳ ನೋವು ಮಾಡಿತು. ಎಪ್ಪತ್ತೆರಡು ವರ್ಷದ ಹೆಂಗಸು ತನ್ನ ನಡಿಗೆಯ ವೇಗಕ್ಕೆ ಕ್ಷಮೆ ಕೇಳಬೇಕಾ?

ಮನೆಗೆ ಬಂದವಳು ಸುಮ್ಮನೆ ಕೂರಲಾಗಲಿಲ್ಲ. ಮರುದಿನ ಮನೆ ಮುಂದಿನ ಬೀದಿಯಲ್ಲಿ ಟೇಪು ಹಿಡಿದು 20 ಮೀಟರ್ ಅಳೆದೆ. ಅಮ್ಮ ತಮ್ಮ ಪಾಡಿಗೆ ನಡೆದರು, ನಾನು ಗಡಿಯಾರ ನೋಡಿದೆ. 25 ಸೆಕೆಂಡ್. ಅಂದರೆ ಸೆಕೆಂಡಿಗೆ 0.8 ಮೀಟರ್. ಸಿಗ್ನಲ್ಲಿನಲ್ಲಿ ನಡೆಯುವವರಿಗೆ ಎಷ್ಟು ಸಮಯ ಕೊಡಬೇಕೆಂದು ಲೆಕ್ಕ ಹಾಕುವಾಗ ಹಲವು ದೇಶಗಳಲ್ಲಿ ಬಹುಕಾಲ ಬಳಸಿದ ವೇಗ ಸೆಕೆಂಡಿಗೆ 1.2 ಮೀಟರ್. 18 ಮೀಟರ್ ಅಗಲದ ರಸ್ತೆಗೆ ಆ ಲೆಕ್ಕದಲ್ಲಿ 15 ಸೆಕೆಂಡ್ ಸಾಕು. 15 ಸೆಕೆಂಡಿನಲ್ಲಿ ಅಮ್ಮ ಬರುವುದು 12 ಮೀಟರ್. ಇನ್ನೂ 6 ಮೀಟರ್ ರಸ್ತೆ ಅವರ ಮುಂದೆ ಇರುತ್ತದೆ. ಕಾಗದ ತೋರಿಸಿ ಅಮ್ಮನಿಗೆ ಹೇಳಿದೆ, "ನೋಡಿ, ತಪ್ಪು ನಿಮ್ಮದಲ್ಲ. ಲೆಕ್ಕದ್ದು." ಅವರು ಕಾಗದವನ್ನು ಎರಡು ಸಲ ನೋಡಿದರು. "ಹಾಗಾದರೆ ನನ್ನಂಥವರನ್ನ ಯಾರೂ ಅಳೆದೇ ಇಲ್ವಾ?" ಎಂದರು.

ಅಳೆದಿದ್ದಾರೆ. ವಯಸ್ಸಾದವರಲ್ಲಿ ಬಹಳ ಜನ ಸೆಕೆಂಡಿಗೆ ಒಂದು ಮೀಟರೂ ನಡೆಯುವುದಿಲ್ಲ ಎಂಬುದು ಈಗ ಹೊಸ ವಿಷಯವಲ್ಲ. ಅಮೆರಿಕದ ರಸ್ತೆ ನಿಯಮಗಳ ಕೈಪಿಡಿ 2009ರಲ್ಲಿ ತನ್ನ ಲೆಕ್ಕವನ್ನು ಸೆಕೆಂಡಿಗೆ 4 ಅಡಿಯಿಂದ ಮೂರೂವರೆ ಅಡಿಗೆ ಇಳಿಸಿತು. ಅದು ಸುಮಾರು 1.07 ಮೀಟರ್. ಅಮ್ಮನಿಗೆ ಅದೂ ಸಾಲದು. ಆದರೆ ಇಳಿಸಬಹುದು ಎಂಬುದಂತೂ ಗೊತ್ತಾಯಿತಲ್ಲ.

ರಸ್ತೆ ಮಧ್ಯೆ ನಿಂತು ಉಸಿರು ತೆಗೆದುಕೊಳ್ಳಲು ಒಂದು ಕಟ್ಟೆ ಇದ್ದರೆ ಇಡೀ ಕಥೆ ಬದಲಾಗುತ್ತದೆ. ಒಂದು ಸಲಕ್ಕೆ ಒಂದೇ ಕಡೆಯಿಂದ ಬರುವ ಗಾಡಿಗಳನ್ನು ನೋಡಿದರೆ ಸಾಕು. 18 ಮೀಟರ್ ಎಂಟೆಂಟು ಮೀಟರಿನ ಎರಡು ಸಣ್ಣ ರಸ್ತೆಯಾಗುತ್ತದೆ. ಇನ್ನೊಂದು ಕೆಲಸ, ಮೂಲೆಯ ತಿರುವನ್ನು ಬಿಗಿ ಮಾಡುವುದು. ದೊಡ್ಡ ದುಂಡು ತಿರುವಿದ್ದರೆ ಗಾಡಿ ವೇಗ ಇಳಿಸದೆ ತಿರುಗುತ್ತದೆ, ದಾಟುವ ದೂರವೂ ಹೆಚ್ಚುತ್ತದೆ. ತಿರುವು ಚಿಕ್ಕದಿದ್ದರೆ ಚಾಲಕರು ತಾವಾಗಿಯೇ ನಿಧಾನಿಸುತ್ತಾರೆ, ದಾಟುವ ದಾರಿ ಎರಡು ಮೂರು ಮಾರು ಕಡಿಮೆಯಾಗುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಎತ್ತರಿಸಿದ ಕ್ರಾಸಿಂಗ್. ಫುಟ್‌ಪಾತಿನ ಮಟ್ಟಕ್ಕೇ ರಸ್ತೆಯನ್ನು ಎತ್ತಿರುತ್ತಾರೆ. ನಾವು ಇಳಿಯುವುದಿಲ್ಲ, ಗಾಡಿ ಹತ್ತುತ್ತದೆ. ಅಂಥ ಕಡೆ ಅಮ್ಮ ದಾಟುವಾಗ ಅವರ ಮುಖ ನೋಡಬೇಕು. ತಲೆ ಎತ್ತಿಕೊಂಡು ನಡೆಯುತ್ತಾರೆ.

ಇದಕ್ಕೆ ತದ್ವಿರುದ್ಧ ಮೇಲ್ಸೇತುವೆ. ಐದಾರು ಮೀಟರ್ ಮೇಲೆ ಹತ್ತಿ, ದಾಟಿ, ಮತ್ತೆ ಇಳಿಯಬೇಕು. ಎಂಜಿನ್ ಇರುವವರು ನೆಟ್ಟಗೆ ಹೋಗುತ್ತಾರೆ, ಮಂಡಿ ನೋವಿರುವವರು ಬೆಟ್ಟ ಹತ್ತುತ್ತಾರೆ. ಅದರ ಕೆಳಗೇ ಜನ ರಸ್ತೆ ದಾಟುವುದನ್ನು ನೋಡಿ ಶಿಸ್ತಿಲ್ಲ ಎಂದು ಬೈಯುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಯಾವ ಮೈಯೂ ಹತ್ತು ಹೆಜ್ಜೆಯ ಕೆಲಸಕ್ಕೆ ನೂರು ಹೆಜ್ಜೆ ಹಾಕಲು ಒಪ್ಪುವುದಿಲ್ಲ. ಹುಲ್ಲಿನ ಮೇಲೆ ಜನರೇ ತುಳಿದು ತುಳಿದು ಮಾಡಿದ ಕಾಲುದಾರಿ ನೋಡಿದ್ದೀರಲ್ಲ? ಅದು ಸೋಮಾರಿಗಳ ದಾರಿಯಲ್ಲ. ದಾರಿ ಎಲ್ಲಿ ಇರಬೇಕಿತ್ತು ಎಂದು ನೂರಾರು ಜೊತೆ ಕಾಲುಗಳು ಬರೆದುಕೊಟ್ಟ ಅರ್ಜಿ ಅದು.

ಬೀದಿ ಮೊದಲಿನಿಂದಲೂ ಹೀಗಿರಲಿಲ್ಲ. ನೂರು ವರ್ಷದ ಹಿಂದೆ ಅದು ಎಲ್ಲರದ್ದೂ ಆಗಿತ್ತು. ಜನ ಬೇಕಾದ ಕಡೆ ದಾಟುತ್ತಿದ್ದರು, ಮಕ್ಕಳು ಆಡುತ್ತಿದ್ದರು. ಕಾರುಗಳು ಹೆಚ್ಚಾಗಿ ಸಾವುಗಳೂ ಹೆಚ್ಚಾದಾಗ, ಅಮೆರಿಕದಲ್ಲಿ ಮೋಟಾರು ಉದ್ಯಮದವರು ತಪ್ಪು ನಡೆಯುವವರದ್ದು ಎಂದು ಪ್ರಚಾರ ಮಾಡಿದರು. ಎಲ್ಲೆಂದರಲ್ಲಿ ದಾಟುವವರಿಗೆ ಜೇವಾಕರ್ ಎಂಬ ಹೆಸರು ಅಂಟಿಸಿದರು. 'ಜೇ' ಎಂದರೆ ಆಗಿನ ಆಡುಮಾತಿನಲ್ಲಿ ನಗರದ ರೀತಿ ಗೊತ್ತಿಲ್ಲದ ಹಳ್ಳಿಗ. 1925ರಲ್ಲಿ ಲಾಸ್ ಏಂಜಲೀಸ್ ನಗರ ಅಂಥ ದಾಟುವಿಕೆಯನ್ನು ತಡೆಯುವ ನಿಯಮ ತಂದಿತು. ಅದೇ ಕ್ಯಾಲಿಫೋರ್ನಿಯಾ ರಾಜ್ಯ, ಅಪಾಯವಿಲ್ಲದಿದ್ದಾಗ ಹಾಗೆ ದಾಟುವವರಿಗೆ ದಂಡ ಹಾಕಬಾರದು ಎಂದು 2023ರಿಂದ ಕಾನೂನು ಜಾರಿ ಮಾಡಿದೆ. ಮಧ್ಯದಲ್ಲಿ ಸುಮಾರು ನೂರು ವರ್ಷ. ಅಮ್ಮ "ನಂದೇ ತಪ್ಪು" ಎಂದದ್ದು ಎಲ್ಲಿಂದ ಬಂತು ಎಂದು ಯೋಚಿಸುವಾಗ ನನಗೆ ಇದೆಲ್ಲ ನೆನಪಾಗುತ್ತದೆ. ಯಾರೋ ಹೇಳಿಕೊಟ್ಟ ನಾಚಿಕೆ ಅದು, ಊರೂರು ದಾಟಿ ಬಂದಿದೆ.

ಇದು ಬರೀ ಮರ್ಯಾದೆಯ ಪ್ರಶ್ನೆಯೂ ಅಲ್ಲ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ರಸ್ತೆ ಅಪಘಾತದಲ್ಲಿ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿ ಹೇಳುತ್ತದೆ. ಅವರಲ್ಲಿ ಐವರಿಗೊಬ್ಬರಿಗಿಂತ ಹೆಚ್ಚು ಜನ ಸುಮ್ಮನೆ ನಡೆದು ಹೋಗುತ್ತಿದ್ದವರು. ಎಲ್ಲದರ ಮೂಲ ವೇಗ. ಬ್ರಿಟನ್ನಿನ ಹೈವೇ ಕೋಡ್‌ನಲ್ಲಿ ಒಂದು ಪಟ್ಟಿ ಇದೆ. ಗಂಟೆಗೆ 32 ಕಿಲೋಮೀಟರ್ ವೇಗದ ಕಾರು ಪೂರ್ತಿ ನಿಲ್ಲಲು 12 ಮೀಟರ್ ಬೇಕು. 48 ಆದರೆ 23 ಮೀಟರ್. 64 ಆದರೆ 36 ಮೀಟರ್. ವೇಗ ಎರಡು ಪಟ್ಟಾದರೆ ನಿಲ್ಲುವ ದೂರ ಮೂರು ಪಟ್ಟು. ನಾನು ಜೀಬ್ರಾ ಪಟ್ಟೆಯ ಅಂಚಿನಲ್ಲಿ ನಿಂತಾಗ ಈ ಲೆಕ್ಕ ಮನಸ್ಸಿನಲ್ಲಿ ಓಡುತ್ತದೆ. ಆ ಕಾರು ಆ ಮರದ ಹತ್ತಿರ ಇದೆ, ಇಷ್ಟು ವೇಗ ಇದೆ, ನಿಲ್ಲುತ್ತಾ? ಚಾಲಕರ ಕಣ್ಣು ಹುಡುಕುತ್ತೇನೆ. ಗಾಜಿನ ಮೇಲೆ ಬರೀ ಆಕಾಶ ಕಾಣುತ್ತದೆ. ಹಾಗಾಗಿ ಕಣ್ಣು ಬಿಟ್ಟು ಚಕ್ರ ನೋಡುವುದನ್ನು ಕಲಿತಿದ್ದೇನೆ. ಚಕ್ರ ನಿಧಾನವಾಗುವುದು ಬೇಗ ಗೊತ್ತಾಗುತ್ತದೆ.

ಈಗ ಹೊರೆಯ ವಿಷಯ. ಕಾರಿದ್ದಾಗ ನನಗೆ ಸಾಮಾನಿನ ತೂಕ ಗೊತ್ತೇ ಇರಲಿಲ್ಲ. ಡಿಕ್ಕಿ ತೆಗೆದು ಹಾಕುವುದು, ಮನೆಯಲ್ಲಿ ಇಳಿಸುವುದು, ಅಷ್ಟೇ. ಈಗ ಅಂಗಡಿಯಲ್ಲಿ ಒಂದೊಂದನ್ನೂ ಕೈಯಲ್ಲಿ ತೂಗಿ ನೋಡುತ್ತೇನೆ. ಒಂದು ಲೀಟರ್ ಏನೇ ತೆಗೆದುಕೊಂಡರೂ ಹೆಚ್ಚು ಕಡಿಮೆ ಒಂದು ಕಿಲೋ. ಎರಡು ಕೈಗೆ ಸೇರಿ ಆರು ಕಿಲೋವರೆಗೆ ಅರ್ಧ ಗಂಟೆ ನಡೆಯಬಲ್ಲೆ. ಅದರ ಮೇಲೆ ಹೋದರೆ ಚೀಲದ ಹಿಡಿ ಬೆರಳಿಗೆ ಗೆರೆ ಬರೆಯುತ್ತದೆ. ಬೆನ್ನಿಗೆ ಹಾಕುವ ಚೀಲ ಎಷ್ಟೋ ವಾಸಿ, ಆದರೆ ಬೆವರಿನ ದಿನ ಬೆನ್ನು ಪೂರ್ತಿ ಒದ್ದೆ. ಹಾಗಾಗಿ ಒಂದೇ ಸಲ ತಿಂಗಳ ಸಾಮಾನು ತರುವುದು ಬಿಟ್ಟು, ಎರಡು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ತರುತ್ತೇನೆ. ಹೋಗುವಾಗ ದೂರದ ಕೆಲಸ ಮೊದಲು, ಭಾರದ ಕೆಲಸ ಕೊನೆಗೆ. ಈ ಕ್ರಮ ತಪ್ಪಿದರೆ ಭಾರ ಹೊತ್ತುಕೊಂಡು ಊರೆಲ್ಲ ಸುತ್ತಬೇಕು.

ಹೊರಗಿನವರಿಗೆ ಕಾಣದ ಒಂದು ದಣಿವು ಇದೆ, ಅದು ಯೋಚನೆಯದ್ದು. ಮಳೆ ಬರುತ್ತಾ? ಕೊಡೆ ತೆಗೆದುಕೊಂಡರೆ ಒಂದು ಕೈ ಹೋಯಿತು. ಈ ಚಪ್ಪಲಿಯಲ್ಲಿ ನಡೆದರೆ ಅಲ್ಲಿ ಹೋಗಿ ಕೂತಾಗ ಸರಿ ಕಾಣುತ್ತಾ? ಬೆವರು ಆರಲು ಹತ್ತು ನಿಮಿಷ ಮೊದಲೇ ಹೊರಡಬೇಕಾ? ಮಧ್ಯದಲ್ಲಿ ಶೌಚಾಲಯ ಎಲ್ಲಿದೆ? ಬಸ್ಸು ಹಿಡಿದರೆ ಇಳಿದ ಮೇಲೆ ಎಷ್ಟು ನಡೆಯಬೇಕು? ಮ್ಯಾಪಿನಲ್ಲಿ ಜಾಗ ಹತ್ತಿರವೇ ಕಾಣುತ್ತದೆ. ಆದರೆ ಅದು ಉದ್ದ ಗೋಡೆಯ ಆಚೆ ಇರುತ್ತದೆ, ಗೇಟು ಗೋಡೆಯ ಇನ್ನೊಂದು ತುದಿಯಲ್ಲಿರುತ್ತದೆ. ಗೇಟು ಸಿಕ್ಕ ಮೇಲೂ ಮುಗಿಯುವುದಿಲ್ಲ. ಒಳಗೆ ಗಾಡಿ ನಿಲ್ಲಿಸುವ ಬಯಲು ದಾಟಿ ಬಾಗಿಲಿಗೆ ಹೋಗಬೇಕು, ಹಿಂದಕ್ಕೆ ಬರುತ್ತಿರುವ ಕಾರುಗಳ ನಡುವೆ. ಕಾರಿನಲ್ಲಿ ಬಂದವರಿಗೆ ಬಾಣ ಇದೆ, ಗೆರೆ ಇದೆ, ಕೈ ತೋರಿಸಲು ಒಬ್ಬ ಮನುಷ್ಯ ಇದ್ದಾನೆ. ನಡೆದು ಬಂದವರಿಗೆ ಒಂದು ಗೆರೆಯೂ ಇಲ್ಲ.

ಬಿಸಿಲಿನ ದಿನ ಮರವಿರುವ ರಸ್ತೆ, ಮರವಿಲ್ಲದ ರಸ್ತೆ ಎಂದು ಊರು ಎರಡಾಗುತ್ತದೆ. ಮರವಿರುವ ರಸ್ತೆ ಸುತ್ತಾದರೂ ನಾನು ಅದನ್ನೇ ಹಿಡಿಯುತ್ತೇನೆ.

ರಾತ್ರಿಯದ್ದು ಬೇರೆಯೇ ಭಯ. ದೀಪದ ಕಂಬಗಳು ರಸ್ತೆಯ ಕಡೆ ಬಾಗಿರುತ್ತವೆ. ಫುಟ್‌ಪಾತಿನ ಮೇಲೆ ಮರದ ಕಪ್ಪು ನೆರಳು. ಅಲ್ಲಿ ನಡೆದರೆ ಎದುರಿಗೆ ಬರುವ ಮನುಷ್ಯ ಯಾರೆಂದು ಗೊತ್ತಾಗುವುದಿಲ್ಲ. ಬೆಳಕಿರುವ ರಸ್ತೆಗೆ ಇಳಿದರೆ ಗಾಡಿ. ಹೆಣ್ಣುಮಕ್ಕಳು ದಿನಾ ಇವೆರಡರ ನಡುವೆ ಒಂದನ್ನು ಆರಿಸುತ್ತಾ ನಡೆಯುತ್ತೇವೆ. ಹತ್ತರಲ್ಲಿ ಎಂಟು ಸಲ ನಾನು ಗಾಡಿಯ ಕಡೆಯನ್ನೇ ಆರಿಸಿದ್ದೇನೆ.

ಕತ್ತಲಲ್ಲಿ ನಾವು ಮಾಡುವ ಒಂದು ತಪ್ಪು ಎಣಿಕೆಯನ್ನೂ ಹೇಳಬೇಕು. ಹೆಡ್‌ಲೈಟ್ ನಮಗೆ ಬಹಳ ದೂರದಿಂದ ಕಾಣುತ್ತದೆ. ನಮಗೆ ಅದು ಕಂಡಿತು ಅಂದರೆ ಅವರಿಗೂ ನಾವು ಕಂಡಿರಬೇಕು ಎಂದು ಮನಸ್ಸು ನಂಬಿಬಿಡುತ್ತದೆ. ಕಂಡಿರುವುದಿಲ್ಲ. ನಡೆಯುವವರು ತಾವು ಎಷ್ಟು ಕಾಣುತ್ತೇವೆ ಎಂಬುದನ್ನು ಜಾಸ್ತಿ ಅಂದಾಜು ಮಾಡುತ್ತಾರೆ ಎಂದು ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಗೊತ್ತಾಗಿದೆ. ಬೆಳಕನ್ನು ಹಿಂದಕ್ಕೆ ಎಸೆಯುವ ಪಟ್ಟಿಯನ್ನು ಎದೆಯ ಮೇಲೆ ಮಾತ್ರ ಹಾಕುವುದಕ್ಕಿಂತ ಕಾಲಿನ ಗಂಟಿಗೆ, ಮಂಡಿಗೆ, ಮುಂಗೈಗೆ ಕಟ್ಟಿದರೆ ಚಾಲಕರಿಗೆ ಬೇಗ ಗುರುತು ಸಿಗುತ್ತದೆ. ಆಡುವ ಕೈಕಾಲು ನೋಡಿದ ಕೂಡಲೇ ಕಣ್ಣು ಮನುಷ್ಯ ಎಂದು ಹೇಳುತ್ತದೆ. ನನ್ನ ಎರಡೂ ಕಾಲಿಗೆ ಈಗ ಅಂಥ ಪಟ್ಟಿ ಇದೆ. ಕಟ್ಟಿಕೊಳ್ಳಿ ಎಂದು ನಿಮಗೂ ಹೇಳುತ್ತೇನೆ. ಆದರೂ ಸುರಕ್ಷತೆಯ ಕೆಲಸವೆಲ್ಲ ನಡೆಯುವವರ ಮೈಮೇಲೇ ಬಂದು ಬೀಳುವುದು ನನಗೆ ಒಪ್ಪಿಗೆಯಿಲ್ಲ. ದೀಪವನ್ನು ಒಂದಿಷ್ಟು ಈ ಕಡೆ ತಿರುಗಿಸಬಹುದಲ್ವಾ?

ನನ್ನ ಗೆಳತಿಯೊಬ್ಬರಿಗೆ ಕಣ್ಣು ಕಾಣುವುದಿಲ್ಲ. ಬಿಳಿ ಕೋಲು ಹಿಡಿದು ಒಬ್ಬರೇ ಓಡಾಡುತ್ತಾರೆ. ಫುಟ್‌ಪಾತಿನಲ್ಲಿ ಉಬ್ಬು ಗೆರೆ, ಉಬ್ಬು ಚುಕ್ಕಿಯ ಹಳದಿ ಹಲಗೆಗಳು ಇರುತ್ತವಲ್ಲ, ಅವು ಅಲಂಕಾರಕ್ಕೆ ಎಂದು ನಾನು ಬಹಳ ದಿನ ಅಂದುಕೊಂಡಿದ್ದೆ. ಉದ್ದ ಗೆರೆ ಎಂದರೆ ಮುಂದೆ ಹೋಗು, ಚುಕ್ಕಿ ಎಂದರೆ ನಿಲ್ಲು, ಮುಂದೆ ಏನೋ ಇದೆ. ಅದನ್ನು ಹೇಳಿಕೊಟ್ಟವರು ಅವರೇ. ಜಪಾನಿನ ಸೇಯಿಚಿ ಮಿಯಾಕೆ ಎಂಬವರು ಕಂಡುಹಿಡಿದದ್ದು. ಮೊದಲು ಹಾಕಿದ್ದು 1967ರಲ್ಲಿ, ಒಕಯಾಮಾ ನಗರದ ಒಂದು ರಸ್ತೆಯಲ್ಲಿ. ಅವತ್ತು ಗೆಳತಿಯ ಜೊತೆ ಅದೇ ಹಲಗೆ ಹಿಡಿದು ನಡೆಯುತ್ತಿದ್ದೆ. ಆ ಗೆರೆ ನೆಟ್ಟಗೆ ಹೋಗಿ ಒಂದು ಕಂಬಕ್ಕೆ ಮುಟ್ಟಿತು. ಮೊದಲು ಕಂಬವಿತ್ತೋ, ಮೊದಲು ಗೆರೆ ಬಂತೋ. ಅವರು ನಿಂತರು, ಕೋಲಿನಿಂದ ಕಂಬವನ್ನು ಮೆಲ್ಲಗೆ ತಟ್ಟಿ, ಪಕ್ಕಕ್ಕೆ ಸರಿದು ನಡೆದರು. "ಇದು ನನಗೆ ಗೊತ್ತಿರೋ ಕಂಬ. ಗೊತ್ತಿಲ್ಲದ ಕಂಬಗಳದ್ದೇ ಚಿಂತೆ" ಎಂದರು. ನನಗೆ ಸಡಿಲ ಚಪ್ಪಡಿ ಬಾಯಿಪಾಠವಾದ ಹಾಗೆ ಅವರಿಗೆ ಊರಿನ ಕಂಬಗಳು. ಕಾರಿನಲ್ಲಿ ಹೋಗುವವರು ಯಾರೂ ರಸ್ತೆಯನ್ನು ಹೀಗೆ ಬಾಯಿಪಾಠ ಮಾಡಬೇಕಿಲ್ಲ.

ಜನರ ಜೊತೆಗಿನ ಮುಜುಗರವನ್ನೂ ಒಂದಿಷ್ಟು ಹೇಳುತ್ತೇನೆ. ಯಾವುದಾದರೂ ಸಮಾರಂಭಕ್ಕೆ ಹೋದರೆ "ನಡೆದು ಬಂದ್ರಾ? ಫೋನ್ ಮಾಡಿದ್ದರೆ ಬರುತ್ತಿದ್ದೆವಲ್ಲ" ಎನ್ನುತ್ತಾರೆ. ಕೆಲವರು "ನಟರಾಜ ಸರ್ವೀಸಾ?" ಎಂದು ನಗುತ್ತಾರೆ. ಅವರ ಪ್ರೀತಿಯಲ್ಲಿ ನನಗೆ ಅನುಮಾನವಿಲ್ಲ. ಆದರೆ ಪ್ರತಿ ಸಲ ಬೇರೆಯವರ ಕಾರು ಹತ್ತಿದರೆ ಅವರು ಹೊರಡುವ ಹೊತ್ತೇ ನನ್ನ ಹೊತ್ತು. ಮಾತು ಅರ್ಧಕ್ಕೆ ನಿಲ್ಲುತ್ತದೆ. ಬೇಡ ಎಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಹಾಗಾಗಿ ಹೋಗುವಾಗ ನಡೆದುಕೊಂಡು, ಬರುವಾಗ ತಡವಾದರೆ ಮಾತ್ರ ಯಾರ ಜೊತೆಗಾದರೂ, ಎಂದು ನಾನೇ ಒಂದು ನಿಯಮ ಮಾಡಿಕೊಂಡಿದ್ದೇನೆ. ಕಾರು ಹತ್ತಿದಾಗ ಮನಸಾರೆ ಥ್ಯಾಂಕ್ಸ್ ಹೇಳುತ್ತೇನೆ.

ಇದೆಲ್ಲ ಬದಲಾಗದ ವಿಷಯ ಎಂದು ನಾನು ನಂಬುವುದಿಲ್ಲ. ಸ್ಪೇನಿನ ಪೊಂಟೆವೆದ್ರಾ ಎಂಬ ಊರು 1999ರಿಂದ ತನ್ನ ಹಳೆಯ ಪೇಟೆಯ ಬೀದಿಗಳನ್ನು ಒಂದೊಂದಾಗಿ ನಡೆಯುವವರಿಗೆ ವಾಪಸ್ ಕೊಟ್ಟಿತು. ಎರಡು ಜಾಗಗಳ ನಡುವೆ ನಡೆದರೆ ಎಷ್ಟು ನಿಮಿಷ ಎಂದು ತೋರಿಸುವ ನಕ್ಷೆಯನ್ನೂ ಮಾಡಿತು, ರೈಲಿನ ನಕ್ಷೆಯ ಹಾಗೆ. ಆ ನಕ್ಷೆಯ ಚಿತ್ರ ಮೊದಲು ನೋಡಿದ ದಿನ ನನಗೆ ಬಹಳ ಸಂತೋಷವಾಯಿತು. ಅಲ್ಲಿ 'ಐದು ನಿಮಿಷ' ಎಂದರೆ ಕಾಲಿನ ಐದು ನಿಮಿಷ. ನಾರ್ವೆಯ ಓಸ್ಲೋ ನಗರದಲ್ಲಿ 2019ರಲ್ಲಿ ನಡೆಯುವವರು ಒಬ್ಬರೂ ರಸ್ತೆ ಅಪಘಾತದಲ್ಲಿ ಸಾಯಲಿಲ್ಲ, ಇಡೀ ವರ್ಷ. ವೇಗ ಇಳಿಸಿದ್ದರು, ಕಾರು ನಿಲ್ಲಿಸುವ ಜಾಗ ತೆಗೆದು ನಡೆಯುವವರಿಗೆ ಕೊಟ್ಟಿದ್ದರು. ಸ್ವೀಡನ್ನಿನ ಕಾರ್ಲ್‌ಸ್ಕೂಗಾ ಇನ್ನೂ ಸಣ್ಣದೊಂದು ಕೆಲಸ ಮಾಡಿತು. ಹಿಮ ಬಿದ್ದಾಗ ಮೊದಲು ದೊಡ್ಡ ರಸ್ತೆ, ಕೊನೆಗೆ ಫುಟ್‌ಪಾತ್ ಎಂಬ ಕ್ರಮವನ್ನು ತಿರುಗಿಸಿ ಫುಟ್‌ಪಾತಿನಿಂದ ಶುರು ಮಾಡಿತು. ಹಿಮದಲ್ಲಿ ಕಾರು ನಿಧಾನಕ್ಕಾದರೂ ಹೋಗುತ್ತದೆ, ಆದರೆ ಮಗುವಿನ ಗಾಡಿ ತಳ್ಳುವ ತಾಯಿ ಹೋಗಲಾರಳು ಎಂಬುದು ಅವರಿಗೆ ಹೊಳೆಯಿತು. ಯಂತ್ರ ಅದೇ, ಜನ ಅದೇ. ಯಾರು ಮೊದಲು ಎಂಬುದೊಂದೇ ಬದಲಾದದ್ದು.

ನಮ್ಮ ದೊಡ್ಡ ರಸ್ತೆಯ ಸಿಗ್ನಲ್ ಬಗ್ಗೆ ನಾನೂ ಪತ್ರ ಬರೆದೆ. ಅಮ್ಮನ 20 ಮೀಟರಿನ ಲೆಕ್ಕವನ್ನು ಅದರಲ್ಲಿ ಹಾಕಿದೆ. ಉತ್ತರ ಬಂದಿಲ್ಲ. ಮೂರನೆಯ ಪತ್ರ ಈ ವಾರ ಹೋಗುತ್ತದೆ.

ಅಷ್ಟರವರೆಗೆ ನಾನೂ ಅಮ್ಮನೂ ಬೇರೆ ದಾರಿ ಹುಡುಕಿಕೊಂಡಿದ್ದೇವೆ. ಸಿಗ್ನಲ್ಲಿಗಿಂತ ಮುಂದೆ, ಮಧ್ಯೆ ಕಟ್ಟೆ ಇರುವ ಕಡೆ ದಾಟುತ್ತೇವೆ. ಇನ್ನೂರು ಮೀಟರ್ ಸುತ್ತು. ದಾರಿಯಲ್ಲಿ ಒಂದು ಬೆಂಚಿದೆ, ಮುಂದೆ ಒಂದು ಮರದ ಬುಡಕ್ಕೆ ಕಟ್ಟಿದ ಕಟ್ಟೆಯಿದೆ. ಬೆಂಚಿನ ಬೆಲೆ ನನಗೆ ಗೊತ್ತಾದದ್ದೇ ಅಮ್ಮನಿಂದ. ಕೂರಲು ಜಾಗ ಇದೆ ಎಂದು ಗೊತ್ತಿದ್ದರೆ ಅವರು ಹೊರಡುತ್ತಾರೆ. ಇಲ್ಲದಿದ್ದರೆ "ಇವತ್ತು ಬೇಡ" ಎನ್ನುತ್ತಾರೆ. ಒಟ್ಟು ಮೂವತ್ತೈದು ನಿಮಿಷ. ಅಮ್ಮ ದಾರಿಯಲ್ಲಿ ಮೂರು ಜನರ ಜೊತೆ ಮಾತಾಡುತ್ತಾರೆ, ಯಾವ ಮನೆಯ ಗಿಡ ಹೂ ಬಿಟ್ಟಿದೆ ಎಂದು ನೋಡುತ್ತಾರೆ. ಕಾರಿನಲ್ಲಿ ಹೋಗುತ್ತಿದ್ದ ಕಾಲದಲ್ಲಿ ಆ ರಸ್ತೆಯಲ್ಲಿ ಅಷ್ಟು ಮನೆಗಳಿವೆ ಎಂಬುದೇ ನನಗೆ ತಿಳಿದಿರಲಿಲ್ಲ.

ಮೊನ್ನೆ ಆ ಬೆಂಚಿನ ಮೇಲೆ ಕೂತಿದ್ದೆವು. ಒಬ್ಬ ಹುಡುಗ ಬಂದ, ಕೈಯಲ್ಲಿ ಔಷಧಿಯ ಚೀಟಿ. ನಡೆದು ಬಂದು ಮುಖವೆಲ್ಲ ಕೆಂಪಾಗಿತ್ತು. "ಅಜ್ಜಿ, ಆಸ್ಪತ್ರೆ ಇನ್ನೂ ಎಷ್ಟು ದೂರ?" ಎಂದ. ನಾನು ಎಷ್ಟು ಮೀಟರ್, ಎಷ್ಟು ನಿಮಿಷ ಎಂದು ಮನಸ್ಸಿನಲ್ಲಿ ಕೂಡಿಸುತ್ತಿದ್ದೆ. ಅಷ್ಟರಲ್ಲಿ ಅಮ್ಮನೇ ಹೇಳಿದರು.

"ಇನ್ನೊಂದು ಸಲ ಕೂತು ಎದ್ದರೆ ಬಂತಪ್ಪ. ಕೂರೋದಾದರೆ ಆ ಮರದ ಕೆಳಗೆ ಕೂತ್ಕೋ, ನೆರಳಿದೆ."